ಬೂದುಗುಂಬಳದ ಚಹಾ: ತೈವಾನ್ ಮತ್ತು ದಕ್ಷಿಣ ಚೀನಾದ ಬೇಸಿಗೆ ಪಾನೀಯವನ್ನು ಮನೆಯಲ್ಲಿ ಮಾಡುವ ಬಗೆ

ತೈವಾನ್‌ನಲ್ಲಿಯೂ ಚೀನಾದ ದಕ್ಷಿಣ ಭಾಗದ ಗುವಾಂಗ್‌ಡಾಂಗ್, ಫುಜಿಯಾನ್ ಪ್ರಾಂತ್ಯಗಳಲ್ಲಿಯೂ ಬೇಸಿಗೆ ಬಂತೆಂದರೆ ಮನೆಗಳಲ್ಲಿ ಮತ್ತು ಬೀದಿ ಅಂಗಡಿಗಳಲ್ಲಿ ಕಡುಗಂದು ಬಣ್ಣದ ಒಂದು ತಂಪು ಪಾನೀಯ ಸಿಗುತ್ತದೆ. ಅಲ್ಲಿನವರು ಅದನ್ನು ‘ದೊಂಗ್‌ಗುವಾ ಚಾ’ ಎನ್ನುತ್ತಾರೆ. ಚಹಾ ಎಂದು ಕರೆದರೂ ಮೂಲ ಪಾಕದಲ್ಲಿ ಚಹಾ ಎಲೆಯನ್ನು ಹಾಕುವುದಿಲ್ಲ. ಬಲಿತ ಬೂದುಗುಂಬಳಕಾಯಿ ಮತ್ತು ಕಬ್ಬಿನ ಸಕ್ಕರೆ, ಇವೆರಡೇ ಇದರ ಮುಖ್ಯ ಸಾಮಗ್ರಿಗಳು. ಸಸ್ಯಶಾಸ್ತ್ರದಲ್ಲಿ ಬೆನಿನ್‌ಕಾಸಾ ಹಿಸ್ಪಿಡಾ ಎಂದು ಕರೆಯಲಾಗುವ ಈ ಕಾಯಿ ನಾವು ಮಜ್ಜಿಗೆಹುಳಿಗೂ ಕಾಶಿ ಹಲ್ವಕ್ಕೂ ಬಳಸುವ ಅದೇ ಬೂದುಗುಂಬಳ. ಆದುದರಿಂದ ಏಷ್ಯಾದ ಪಾಕಪದ್ಧತಿಗಳನ್ನು ಕಲಿಯುತ್ತಿರುವ ಕನ್ನಡಿಗರು ವಿದೇಶಿ ಸಾಮಗ್ರಿಗಾಗಿ ಎಲ್ಲಿಯೂ ಹುಡುಕಾಡದೆ ಮಾಡಿ ನೋಡಬಹುದಾದ ಚೀನೀ ಪಾನೀಯಗಳಲ್ಲಿ ಇದು ಒಂದು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮಲ್ಲಿ ಹಲವರು ಬೆಳಗಿನ ಹೊತ್ತು ಕುಡಿಯುವ ಬೂದುಗುಂಬಳದ ಹಸಿ ರಸಕ್ಕೂ ಈ ಪಾನೀಯಕ್ಕೂ ಕಾಯಿ ಒಂದೇ ಎಂಬುದನ್ನು ಬಿಟ್ಟರೆ ಬೇರೆ ಸಾಮ್ಯವಿಲ್ಲ. ಹಸಿ ರಸವನ್ನು ರುಬ್ಬಿ ಸೋಸಿ ತೆಗೆಯುತ್ತಾರೆ. ದೊಂಗ್‌ಗುವಾ ಚಾ ಮಾಡುವಾಗ ರುಬ್ಬುವುದೂ ಇಲ್ಲ, ಸಾಂಪ್ರದಾಯಿಕ ಕ್ರಮದಲ್ಲಿ ಹೊರಗಿನಿಂದ ನೀರು ಹಾಕುವುದೂ ಇಲ್ಲ. ಕಾಯಿಯೊಳಗಿನ ನೀರನ್ನು ಸಕ್ಕರೆಯೇ ಹೊರಗೆಳೆಯುತ್ತದೆ. ಆ ನೀರಿನಲ್ಲೇ ಕಾಯಿ ದೀರ್ಘಕಾಲ ಬೇಯುತ್ತದೆ. ಸಕ್ಕರೆಯನ್ನು ಇಲ್ಲಿ ಸಿಹಿಗಾಗಿ ಮಾತ್ರ ಹಾಕುತ್ತಾರೆಂದು ತಿಳಿದವರು ಅದನ್ನು ಅರ್ಧಕ್ಕಿಳಿಸಿ, ಕೊರತೆ ತುಂಬಲು ನೀರು ಸೇರಿಸಿ, ಕೊನೆಗೆ ಸಪ್ಪೆಯಾದ ತರಕಾರಿ ಸಾರಿನಂಥದ್ದೇನನ್ನೋ ಪಡೆಯುತ್ತಾರೆ. ಸಿಹಿ ಕಡಿಮೆ ಬೇಕಾದವರು ಅದನ್ನು ಲೋಟದಲ್ಲಿ ನೀರು ಬೆರೆಸಿ ಕಡಿಮೆ ಮಾಡಿಕೊಳ್ಳಬೇಕೇ ಹೊರತು ಪಾತ್ರೆಯಲ್ಲಿ ಅಲ್ಲ. ಈ ಟಿಪ್ಪಣಿಯಲ್ಲಿ ನಾನು ಮುಖ್ಯವಾಗಿ ಹೇಳಬಯಸುವುದು ಇದನ್ನೇ.

ಹುಟ್ಟಿ ಬೆಳೆದ ನೆಲೆ

ಚೀನೀ ಪಂಚಾಂಗವು ವರ್ಷವನ್ನು 24 ಸೌರ ಘಟ್ಟಗಳಾಗಿ ವಿಂಗಡಿಸುತ್ತದೆ. ಜುಲೈ 7ರ ಸುಮಾರಿಗೆ ‘ಕಿರುಸೆಕೆ’ಯ ಘಟ್ಟವೂ ಅದೇ ತಿಂಗಳ 23ರ ಸುಮಾರಿಗೆ ‘ಹಿರಿಸೆಕೆ’ಯ ಘಟ್ಟವೂ ಆರಂಭವಾಗುತ್ತವೆ. ದಕ್ಷಿಣ ಚೀನಾದಲ್ಲಿ ಇದು ಬಿಸಿಲಿನ ಜೊತೆಗೆ ಗಾಳಿಯಲ್ಲಿನ ತೇವವೂ ಸೇರಿ ಮೈಯೆಲ್ಲ ಅಂಟಂಟಾಗುವ ಕಾಲ. ಚೀನೀ ವೈದ್ಯಪದ್ಧತಿಯು ಬೂದುಗುಂಬಳವನ್ನು ತಂಪು ಗುಣದ ಆಹಾರವೆಂದು ಪರಿಗಣಿಸುತ್ತದೆ. ಆಯುರ್ವೇದವೂ ಕೂಷ್ಮಾಂಡವನ್ನು ಶೀತಗುಣದ್ದೆಂದೇ ಹೇಳುತ್ತದೆ. ಕಹಿ ಗಿಡಮೂಲಿಕೆಗಳಿಂದ ಕಾಯಿಸುವ ಗುವಾಂಗ್‌ಡಾಂಗ್‌ನ ‘ಲಿಯಾಂಗ್ ಚಾ’ ಕಷಾಯಗಳು 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ಬೂದುಗುಂಬಳದ ಚಹಾವನ್ನು ಕೂಡ ಜನ ಸೆಕೆ ಇಳಿಸುವ ಪಾನೀಯವೆಂದೇ ಕುಡಿಯುತ್ತಾರಾದರೂ ಅದು ಕಹಿ ಕಷಾಯವಲ್ಲ, ರುಚಿಗಾಗಿ ಬಯಸಿ ಕುಡಿಯುವ ಸಿಹಿ ಪಾನೀಯ.

ತೈವಾನ್‌ನಲ್ಲಿ ಇದಕ್ಕೆ ಹೆಸರಾದ ಊರು ದ್ವೀಪದ ನೈರುತ್ಯ ಕರಾವಳಿಯ ತೈನಾನ್. ಡಚ್ಚರು 1624ರಿಂದ 1662ರವರೆಗೆ ಅಲ್ಲಿ ನೆಲೆಯೂರಿ ಕಬ್ಬಿನ ಬೇಸಾಯಕ್ಕೂ ಸಕ್ಕರೆಯ ರಫ್ತಿಗೂ ಒತ್ತಾಸೆ ನೀಡಿದರು. ಮುಂದಿನ ಆಳ್ವಿಕೆಗಳಲ್ಲಿ, ವಿಶೇಷವಾಗಿ ಜಪಾನೀಯರ ಕಾಲದಲ್ಲಿ, ಸಕ್ಕರೆ ಆ ದ್ವೀಪದ ದೊಡ್ಡ ಉದ್ಯಮವಾಯಿತು. ಒಂದು ಪಾತ್ರೆಗೆ ಇಷ್ಟೊಂದು ಸಕ್ಕರೆ ಬೇಡುವ ಪಾನೀಯವು ಸಕ್ಕರೆಯ ಸೀಮೆಯಲ್ಲಿಯೇ ಗಟ್ಟಿಯಾಗಿ ಬೇರೂರಿದ್ದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಅಲ್ಲಿ ಪಾಕವನ್ನು ಇನ್ನಷ್ಟು ಕುದಿಸಿ, ಹರಳುಗಟ್ಟಿಸಿ, ಇಟ್ಟಿಗೆಯಾಕಾರದ ಅಚ್ಚುಗಳಾಗಿ ಮಾರುವ ರೂಢಿಯೂ ಇದೆ; ಅಂಥ ಒಂದು ತುಂಡನ್ನು ನೀರಿನಲ್ಲಿ ಕುದಿಸಿದರೆ ಪಾನೀಯ ಸಿದ್ಧವಾಗುತ್ತದೆ. ಸಿಂಗಾಪುರ ಮತ್ತು ಮಲೇಷ್ಯಾದ ಚೀನೀಯರು ಇದಕ್ಕೆ ಪಾಂಡನ್ ಎಂಬ ಪರಿಮಳದ ಎಲೆ, ಒಣಗಿಸಿದ ಲಾಂಗನ್ ಹಣ್ಣು, ಲೋಹಾನ್ ಗುವೊ ಎಂಬ ಒಣ ಹಣ್ಣುಗಳನ್ನು ಸೇರಿಸುತ್ತಾರೆ.

ಕಾಯಿ ಮತ್ತು ಸಕ್ಕರೆಯ ಆಯ್ಕೆ

ಎಳೆಯ ಕಾಯಿ ಇದಕ್ಕೆ ಆಗದು. ಸಿಪ್ಪೆ ಉಗುರಿಗೆ ಬಗ್ಗದಷ್ಟು ಗಟ್ಟಿಯಾಗಿ, ಮೇಲೆ ಬೂದಿಯಂಥ ಮೇಣದ ಪುಡಿ ಕೂತು, ಬೀಜ ಬಲಿತಿರುವ ಕಾಯಿಯನ್ನೇ ಆರಿಸಬೇಕು. ಬೂದಿಯಿಲ್ಲದ ಕಡುಹಸಿರು ಸಿಪ್ಪೆಯ ತಳಿಗಳೂ ಚೀನಾದಲ್ಲಿವೆ. ಅವುಗಳಿಂದಲೂ ಪಾನೀಯ ಮಾಡುತ್ತಾರೆ. ಇಡೀ ಕಾಯಿ ದೊಡ್ಡದೆನಿಸಿದರೆ ಹೋಳು ತಂದರೆ ಸಾಕು, ಆದರೆ ಸಿಪ್ಪೆ ಮತ್ತು ಬೀಜಗಳಿರುವ ಹೋಳನ್ನೇ ಕೇಳಿ ಪಡೆಯಬೇಕು. ಸಿಪ್ಪೆ, ಬೀಜ, ಬೀಜದ ಸುತ್ತಲಿನ ನಾರು ಇವೆಲ್ಲವನ್ನೂ ಅಲ್ಲಿನವರು ಪಾತ್ರೆಗೆ ಹಾಕುತ್ತಾರೆ. ತಿರುಳಿಗೆ ತನ್ನದೇ ಆದ ಪರಿಮಳ ಬಹಳ ಕಡಿಮೆ. ಪಾನೀಯದಲ್ಲಿ ನಾವು ಗುರುತಿಸುವ ಹಸಿರು ವಾಸನೆಯ ಬಹುಪಾಲು ಸಿಪ್ಪೆಯಿಂದ ಬರುತ್ತದೆ.

ಸಕ್ಕರೆಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಯೋಚಿಸಬೇಕು. ಅಲ್ಲಿ ಸಾಮಾನ್ಯವಾಗಿ ಕಾಕಂಬಿಯನ್ನು ಬೇರ್ಪಡಿಸದ ಕಪ್ಪು ಸಕ್ಕರೆಯನ್ನೂ ತಿಳಿಗಂದು ಬಣ್ಣದ ಕಚ್ಚಾ ಸಕ್ಕರೆಯನ್ನೂ ಕಲ್ಲುಸಕ್ಕರೆಯನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸುತ್ತಾರೆ. ಕಬ್ಬಿನ ಹಾಲನ್ನು ಹಾಗೆಯೇ ಕಾಯಿಸಿ ಗಟ್ಟಿ ಮಾಡಿದ ಕಪ್ಪು ಸಕ್ಕರೆ ನಮ್ಮ ಬೆಲ್ಲದ ಜಾತಿಗೇ ಸೇರಿದ್ದರಿಂದ ಬೆಲ್ಲವನ್ನು ಬಳಸಿದರೆ ಪಾಕದ ಸ್ವಭಾವ ಕೆಡುವುದಿಲ್ಲ. ಬಿಳುಪಿಗಾಗಿ ರಾಸಾಯನಿಕ ಬೆರೆಸಿದ ಹಳದಿ ಬೆಲ್ಲಕ್ಕಿಂತ ಕಪ್ಪು ಬೆಲ್ಲ ಒಳ್ಳೆಯದು. ಆದರೆ ಬೆಲ್ಲವನ್ನೇ ಪೂರ್ತಿಯಾಗಿ ಹಾಕಿದರೆ ಅದರ ಉಪ್ಪಿನಂಶ ಮತ್ತು ಗಾಢವಾದ ವಾಸನೆ ಕಾಯಿಯ ರುಚಿಯನ್ನು ಮುಚ್ಚಿಬಿಡುತ್ತವೆ; ಆದುದರಿಂದ 300 ಗ್ರಾಂ ಬೆಲ್ಲಕ್ಕೆ 200 ಗ್ರಾಂ ಕಲ್ಲುಸಕ್ಕರೆಯ ಪ್ರಮಾಣವನ್ನು ನಾನು ಸೂಚಿಸುತ್ತೇನೆ. ಇದು 2 ಕಿಲೋ ಕಾಯಿಗೆ ಸಾಕಾಗುತ್ತದೆ. ಬೆಲ್ಲದಲ್ಲಿ ಮಣ್ಣು ಕಸವಿದ್ದರೆ ಅತ್ಯಲ್ಪ ನೀರಿನಲ್ಲಿ ಕರಗಿಸಿ ಸೋಸಿ, ಮತ್ತೆ ಗಟ್ಟಿ ಪಾಕವಾಗುವವರೆಗೆ ಕಾಯಿಸಿ ಆರಿಸಿಕೊಂಡು ಬಳಸಬೇಕು.

ತಯಾರಿಕೆ

ಹರಿಯುವ ನೀರಿನ ಕೆಳಗೆ ಗಡುಸು ಬ್ರಷ್‌ನಿಂದ ಕಾಯಿಯ ಬೂದಿಯನ್ನೆಲ್ಲ ಉಜ್ಜಿ ತೊಳೆಯಬೇಕು. ಸಿಪ್ಪೆಯೂ ಬೇಯುವುದರಿಂದ ಇಲ್ಲಿ ಅವಸರ ಸಲ್ಲದು. ಬಳಿಕ ಸಿಪ್ಪೆ, ಬೀಜ ಮತ್ತು ನಾರನ್ನು ಬೇರ್ಪಡಿಸಿ, ಬೀಜಗಳನ್ನು ಸ್ವಲ್ಪ ಜಜ್ಜಿ, ಎಲ್ಲವನ್ನೂ ತೆಳುವಾದ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಬೇಕು. ತಿರುಳನ್ನು ಒಂದೂವರೆ ಸೆಂಟಿಮೀಟರಿನಷ್ಟು ಹೋಳುಗಳಾಗಿ ಹೆಚ್ಚಬೇಕು. ತುರಿದರೆ ನೀರು ಬೇಗ ಬಿಡುತ್ತದೆಂಬುದು ನಿಜ, ಆದರೆ ತುರಿ ಕರಗಿ ಪಾನೀಯವನ್ನು ಕದಡಿಸುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಹೋಳು, ಗಂಟು, ಪುಡಿ ಮಾಡಿದ ಬೆಲ್ಲ, ಕಲ್ಲುಸಕ್ಕರೆ, ಒಂದು ಚಿಟಿಕೆ ಉಪ್ಪು ಇವನ್ನು ಬೆರೆಸಿ ಒಂದರಿಂದ ಎರಡು ಗಂಟೆ ಮುಚ್ಚಿಡಬೇಕು.

ಮುಚ್ಚಳ ತೆಗೆದು ನೋಡಿದಾಗ ಹೋಳುಗಳು ತಮ್ಮದೇ ನೀರಿನಲ್ಲಿ ನೆನೆದಿರುತ್ತವೆ. ಬೂದುಗುಂಬಳದ ತೂಕದಲ್ಲಿ ಸುಮಾರು ಶೇ. 96ರಷ್ಟು ನೀರೇ ಇದೆ. ಹೋಳಿನ ಮೇಲೆ ಕರಗಿದ ಸಕ್ಕರೆಯ ಸಾಂದ್ರತೆ ಜೀವಕೋಶದೊಳಗಿನದಕ್ಕಿಂತ ಬಹಳ ಹೆಚ್ಚಾದ್ದರಿಂದ ನೀರು ಕೋಶಪೊರೆಯನ್ನು ದಾಟಿ ಹೊರಗೆ ಬರುತ್ತದೆ. ಪರಾಸರಣವೆಂದು ನಾವು ವಿಜ್ಞಾನ ಪಾಠದಲ್ಲಿ ಓದಿದ ಕ್ರಿಯೆ ಇದೇ. ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟಾಗ ಉಪ್ಪಿನಕಾಯಿಯ ಜಾಡಿಯಲ್ಲಿ ನೀರೂರುವುದೂ ಹೀಗೆಯೇ. ಈ ಹಂತವನ್ನು ಬಿಟ್ಟು ನೇರವಾಗಿ ಒಲೆಯ ಮೇಲಿಟ್ಟರೆ ನೀರು ಬಿಡುವ ಮೊದಲೇ ಸಕ್ಕರೆ ತಳ ಹಿಡಿದು ಸೀದುಹೋಗುತ್ತದೆ.

ಮೊದಲು ಮಧ್ಯಮ ಉರಿಯಲ್ಲಿ ಒಂದು ಕುದಿ ಬರಿಸಿ, ನಂತರ ಉರಿಯನ್ನು ಸಾಧ್ಯವಾದಷ್ಟು ಸಣ್ಣದಾಗಿಸಿ, ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟು ಒಂದೂವರೆಯಿಂದ ಎರಡು ಗಂಟೆ ಬೇಯಿಸಬೇಕು. ಆಗಾಗ ಮೃದುವಾಗಿ ಕೈಯಾಡಿಸಬೇಕು. ಮೊದಲ ಅರ್ಧ ಗಂಟೆಯಲ್ಲಿ ಬೆಂದ ತರಕಾರಿಯ ವಾಸನೆಯೇ ಬರುತ್ತದೆ. ಕಲಿಯುವವರು ಇಲ್ಲಿ ನಿರಾಶರಾಗಿ ಒಲೆ ಆರಿಸಬಾರದು. ಕ್ರಮೇಣ ಹೋಳುಗಳ ಬಿಳುಪು ಮಾಯವಾಗಿ ಅವು ಗಾಜಿನಂತೆ ಪಾರದರ್ಶಕವಾಗುತ್ತವೆ. ಹಸಿ ತಿರುಳು ಬೆಳ್ಳಗೆ ಕಾಣುವುದು ಕೋಶಗಳ ನಡುವಿನ ಗಾಳಿಯಿಂದ. ಕೋಶಭಿತ್ತಿಗಳು ಮೆತ್ತಗಾಗಿ ಆ ಗಾಳಿಯ ಜಾಗವನ್ನು ಪಾಕ ತುಂಬಿದಾಗ ಬೆಳಕು ಚದುರದೆ ಹಾಯ್ದುಹೋಗುತ್ತದೆ. ಬಣ್ಣವೂ ಗಾಢವಾಗುತ್ತದೆ. ಸಕ್ಕರೆ ಸುಟ್ಟು ಕ್ಯಾರಮೆಲ್ ಆಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು, ನೀರಿರುವ ಪಾಕ ಅಲ್ಲಿಗೆ ತಲುಪಲಾರದು. ಆದುದರಿಂದ ಈ ಬಣ್ಣಕ್ಕೆ ಬಹುಮಟ್ಟಿಗೆ ಬೆಲ್ಲವೂ ಅದರೊಳಗಿನ ಕಾಕಂಬಿಯೂ ಕಾರಣ. ಬಿಳಿ ಸಕ್ಕರೆಯನ್ನಷ್ಟೇ ಹಾಕಿ ಎಷ್ಟು ಹೊತ್ತು ಕುದಿಸಿದರೂ ಆ ಕಡುಗಂದು ಬರುವುದಿಲ್ಲ. ಅಂಥ ಸಂದರ್ಭದಲ್ಲಿ ಸಕ್ಕರೆಯ ಒಂದು ಪಾಲನ್ನು ಮೊದಲೇ ಒಣ ಬಾಣಲೆಯಲ್ಲಿ ಕೆಂಪಗೆ ಕರಗಿಸಿಕೊಳ್ಳಬೇಕಾಗುತ್ತದೆ.

ಕೊನೆಯ 15 ನಿಮಿಷ ಉಳಿದಿರುವಾಗ ಎರಡು ಬಿಲ್ಲೆ ಶುಂಠಿ ಅಥವಾ ಒಂದು ಪಾಂಡನ್ ಎಲೆ ಹಾಕಬಹುದು. ಕಾಯಿಯ ತಂಪು ಗುಣವನ್ನು ಶುಂಠಿ ಹದಕ್ಕೆ ತರುತ್ತದೆಂಬುದು ಅಲ್ಲಿನ ನಂಬಿಕೆ. ಎರಡನ್ನೂ ಒಟ್ಟಿಗೆ ಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಪಾಂಡನ್‌ನ ನವಿರಾದ ಪರಿಮಳ ಶುಂಠಿಯ ಮುಂದೆ ನಿಲ್ಲುವುದಿಲ್ಲ. ಒಲೆ ಆರಿಸಿ, ಬಟ್ಟೆಯ ಗಂಟನ್ನು ಹಿಂಡಿ ತೆಗೆದು, ಉಳಿದುದನ್ನು ಜರಡಿಯ ಮೇಲೆ ಸುರಿದು ತಾನಾಗಿಯೇ ಸೋರಲು ಬಿಡಬೇಕು. ತಿರುಳನ್ನು ಒತ್ತಿದರೆ ಪ್ರಮಾಣ ಹೆಚ್ಚುತ್ತದೆ, ತಿಳಿ ಕೆಡುತ್ತದೆ. ಹೀಗೆ ಸುಮಾರು 1 ಲೀಟರ್ ಪಾಕ ದೊರೆಯುತ್ತದೆ.

ಕುಡಿಯುವುದು, ಕಾಪಿಡುವುದು

ಒಂದು ಪಾಲು ಪಾಕಕ್ಕೆ ಮೂರು ಪಾಲು ತಣ್ಣೀರು ಅಥವಾ ಮಂಜುಗಡ್ಡೆ ಸೇರಿಸಿದರೆ ಹದವಾಗಿರುತ್ತದೆ. ನಿಂಬೆರಸ ಹಿಂಡಿದ ಬಗೆ ತೈವಾನ್‌ನಲ್ಲಿ ಬಹಳ ಜನಪ್ರಿಯ. ಹಾಲು ಅಥವಾ ಹಸಿರು ಚಹಾದ ಡಿಕಾಕ್ಷನ್ ಬೆರೆಸುವವರೂ ಇದ್ದಾರೆ. ಈ ಅಳತೆಯಲ್ಲಿ 200 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಇಂಥ ಸಕ್ಕರೆಯನ್ನು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇಡಬೇಕೆಂದೂ, ಶೇ. 5ಕ್ಕಿಂತ ಕೆಳಗೆ, ಅಂದರೆ ವಯಸ್ಕರಿಗೆ ಸುಮಾರು 25 ಗ್ರಾಂಗೆ, ಇಳಿಸಿದರೆ ಇನ್ನೂ ಒಳ್ಳೆಯದೆಂದೂ ಹೇಳುತ್ತದೆ. ತಂಪು ಗುಣದ ಹೆಸರಿನಲ್ಲಿ ಲೋಟದ ಮೇಲೆ ಲೋಟ ಕುಡಿಯುವುದು ಸರಿಯಲ್ಲ. ಮಧುಮೇಹವಿರುವವರಿಗೆ ಇದನ್ನು ಔಷಧವೆಂದು ಕೊಡುವುದಂತೂ ತಪ್ಪು.

ಪಾಕ ಸಿಹಿಯಾಗಿದೆಯೆಂದು ಹೊರಗಿಟ್ಟರೆ ಹುಳಿಯುತ್ತದೆ. ಸಕ್ಕರೆ ತಾನೇ ಕಾಪಾಡುವಷ್ಟು ಶಕ್ತವಾಗಲು, ಜಾಮ್‌ನಲ್ಲಿರುವಂತೆ, ಶೇ. 65ರಷ್ಟು ಸಾಂದ್ರತೆ ಬೇಕು. ನಮ್ಮ ಪಾಕ ಶೇ. 40ರ ಆಸುಪಾಸಿನಲ್ಲಿರುತ್ತದೆ. ಬಿಸಿಯಿರುವಾಗಲೇ ಕುದಿನೀರಿನಲ್ಲಿ ತೊಳೆದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟು ಐದಾರು ದಿನಗಳೊಳಗೆ ಮುಗಿಸಬೇಕು, ಇಲ್ಲವೇ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಬೇಕು.

ಸಿಪ್ಪೆ ಬೀಜಗಳನ್ನು ಗಂಟು ಕಟ್ಟಿ ಬೇರೆಯಾಗಿಟ್ಟದ್ದರ ಪ್ರಯೋಜನ ಕೊನೆಯಲ್ಲಿ ಸಿಗುತ್ತದೆ. ಜರಡಿಯಲ್ಲಿ ಉಳಿದ ತಿರುಳು ಸಿಹಿ ಹೀರಿಕೊಂಡ ಶುದ್ಧ ತಿರುಳು. ತೈವಾನ್‌ನ ಅನಾನಸ್ ಕೇಕ್‌ನ ಹೂರಣದಲ್ಲಿ ಬಹಳ ಕಾಲದಿಂದ ಬೂದುಗುಂಬಳದ ತಿರುಳನ್ನು ಬೆರೆಸುತ್ತ ಬಂದಿದ್ದಾರೆ. ಅದೇ ರೀತಿ ಇದನ್ನು ಶುಂಠಿಯ ಬಿಲ್ಲೆಗಳನ್ನು ತೆಗೆದು, ಅನಾನಸ್ ತುರಿಯ ಜೊತೆ ನೀರಾರುವವರೆಗೆ ಕೈಬಿಡದೆ ಮಗುಚಿದರೆ ಹೂರಣವಾಗುತ್ತದೆ. ತುಪ್ಪ ಹಾಕಿ ಮಗುಚಿದರೆ ನಮಗೆ ಗೊತ್ತಿರುವ ಹಲ್ವವಾಗುತ್ತದೆ, ಆದರೆ ಸಕ್ಕರೆಯನ್ನು ಮತ್ತೆ ಸೇರಿಸುವ ಅಗತ್ಯವಿರುವುದಿಲ್ಲ.