ಹೊಟ್ಟೆ ತೊಳೆಯೋದು ಬಿಡಿ, ನೀರು ಹಿಡಿದಿಡಿ

ನಾನು ಚಿಕ್ಕವಳಿದ್ದಾಗ ಎರಡು ಮೂರು ತಿಂಗಳಿಗೊಮ್ಮೆ ಮನೆಯಲ್ಲಿ ಹರಳೆಣ್ಣೆಯ ಭಾನುವಾರ ಬರುತ್ತಿತ್ತು. ಅಜ್ಜಿ ಬಿಸಿ ಕಾಫಿಗೆ ಎಣ್ಣೆ ಬೆರೆಸಿ, ಮೂಗು ಹಿಡಿದು ಕುಡಿಸುತ್ತಿದ್ದರು. ಮಧ್ಯಾಹ್ನದವರೆಗೆ ಓಡಾಟವೋ ಓಡಾಟ. ಆಮೇಲೆ ಬರೀ ತಿಳಿಸಾರು, ಅನ್ನ. "ಹೊಟ್ಟೇಲಿರೋ ಕೆಟ್ಟದ್ದೆಲ್ಲ ಹೋಯ್ತು ಬಿಡು" ಅಂತ ಅವರಿಗೆ ಸಮಾಧಾನ.

ಅಜ್ಜಿಯದು ಪ್ರೀತಿ. ಆದರೆ ಅದೇ ನಂಬಿಕೆ ಈಗ ಮೊಬೈಲ್‌ನಲ್ಲಿ ಹರಿದಾಡುತ್ತಿದೆ. ಮೋಷನ್ ಆಗದಿದ್ದರೆ ಕರುಳಲ್ಲಿ ವಿಷ ಸೇರುತ್ತದಂತೆ, ತಿಂಗಳಿಗೊಮ್ಮೆ ತೊಳೆಯಬೇಕಂತೆ. ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಅನ್ನೋದು ಪದೇ ಪದೇ ಹೊಟ್ಟೆನೋವು ಬಂದು ಮೋಷನ್ ಏರುಪೇರಾಗುವ ತೊಂದರೆ. ಅದರಲ್ಲಿ ಮಲಬದ್ಧತೆಯಿಂದ ಬಳಲುವವರು ಇದನ್ನು ನಂಬಿ ಒದ್ದಾಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಈ ವಿಷದ ಕಥೆಗೆ ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿತ್ತು. ಆಗ ಲಂಡನ್ನಿನ ಹೆಸರಾಂತ ಸರ್ಜನ್ ಆರ್ಬತ್‌ನಾಟ್ ಲೇನ್ ಇದನ್ನು ಎಷ್ಟು ನಂಬಿದ್ದರೆಂದರೆ, ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಆಲ್ವರೆಜ್ ಒಂದು ಸರಳ ಮಾತು ಎತ್ತಿದರು. ಮೋಷನ್ ಆದ ತಕ್ಷಣ ತಲೆಭಾರ ಇಳಿಯುತ್ತದಲ್ಲ, ರಕ್ತಕ್ಕೆ ಸೇರಿದ ವಿಷ ಅಷ್ಟು ಬೇಗ ಇಳಿಯುತ್ತಾ? ಬಿಗಿಯಾದ ಚಪ್ಪಲಿ ಬಿಚ್ಚಿದ ಕ್ಷಣ ಹಾಯೆನಿಸುತ್ತದೆ. ಚೇಳು ಕುಟುಕಿದ ಉರಿ ಹಾಗೆ ಇಳಿಯುವುದಿಲ್ಲ, ಅಲ್ವಾ? 1922ರಲ್ಲಿ ಡೊನಾಲ್ಡ್‌ಸನ್ ಎಂಬುವರು ಆರೋಗ್ಯವಂತರ ಗುದನಾಳಕ್ಕೆ ಹತ್ತಿ ತುಂಬಿ ನೋಡಿದರು. ಅದೇ ತಲೆನೋವು, ಅದೇ ಮಂಕು! ಹತ್ತಿಯಲ್ಲಿ ಎಲ್ಲಿಯ ವಿಷ?

ಕಾಟ ಕೊಡುವುದು ವಿಷವಲ್ಲ, ಒಳಗೆ ತುಂಬಿಕೊಂಡಾಗ ಕರುಳು ಹಿಗ್ಗುವುದು. ಐಬಿಎಸ್‌ನಲ್ಲಿ ಕರುಳು ಹಿಗ್ಗಿದರೆ ಇನ್ನೂ ಜಾಸ್ತಿ ನೋಯುತ್ತದೆ. 1973ರಲ್ಲಿ ರಿಚಿ ಎಂಬ ವೈದ್ಯರು ಕರುಳಿನೊಳಗೆ ಪುಟ್ಟ ಬಲೂನು ಊದಿ ಇದನ್ನು ತೋರಿಸಿದರು. ಬೇರೆಯವರಲ್ಲಿ ತೀರಾ ಕೆಲವರಿಗೆ ಮಾತ್ರ ನೋವು ತಂದ ಅಷ್ಟೇ ಗಾಳಿ, ಈ ತೊಂದರೆ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ನೋಯಿಸಿತು. ಇಂಥ ಕರುಳಿಗೆ ಹರಳೆಣ್ಣೆ ಕೊಟ್ಟರೆ ಅದು ಹಿಂಡಿ ಹಿಂಡಿ ಎಲ್ಲವನ್ನೂ ಹೊರಗೆ ಹಾಕುತ್ತದೆ. ಮರುದಿನ ಒಳಗೆ ಏನೂ ಇರುವುದಿಲ್ಲ, ಹಾಗಾಗಿ ಮೋಷನ್ ಬರುವುದಿಲ್ಲ. ಮತ್ತೆ ಗಾಬರಿ, ಮತ್ತೆ ಎಣ್ಣೆ.

ದೊಡ್ಡ ಕರುಳಿನ ಮುಖ್ಯ ಕೆಲಸವೇ ನೀರು ಹೀರುವುದು. ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಅಲ್ಲಿಗೆ ಬರುತ್ತದೆ, ಹೆಚ್ಚುಕಡಿಮೆ ಎಲ್ಲವೂ ಮೈಗೆ ವಾಪಸ್. ಸಾಗಣೆ ನಿಧಾನವಾದಷ್ಟೂ ಹೀರುವುದು ಜಾಸ್ತಿ. ಕೊನೆಗೆ ಉಳಿಯುವುದು ಕುರಿ ಹಿಕ್ಕೆಯಂಥ ಗಟ್ಟಿ ಉಂಡೆ. ಸುಮ್ನೆ ಚೊಂಬುಗಟ್ಟಲೆ ನೀರು ಕುಡಿದರೆ ಅದೂ ಹೀರಿಹೋಗಿ ಮೂತ್ರವಾಗುತ್ತದೆ, ಅಷ್ಟೇ. ನೀರನ್ನು ಬಿಡದೆ ಹಿಡಿದುಕೊಳ್ಳುವ ವಸ್ತು ಒಳಗೆ ಬೇಕು.

ಇಸಬ್‌ಗೋಲ್ ಮಾಡುವುದು ಇದನ್ನೇ. ಅದರ ಬೀಜದ ಹೊಟ್ಟನ್ನು ಒಂದು ಚಮಚ ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ. ತಿಳಿ ನೀರು ಗಂಜಿಯಾಗಿರುತ್ತದೆ. ಶರಬತ್ತಿಗೆ ಹಾಕಿದ ಕಾಮಕಸ್ತೂರಿ ಬೀಜ ಸುತ್ತ ಲೋಳೆ ಕಟ್ಟಿಕೊಳ್ಳುತ್ತದಲ್ಲ, ಹಾಗೆ. ಬೆಂಡೆಕಾಯಿ ಹೆಚ್ಚಿದಾಗ ಬರುವ ಅಂಟಿನ ಹಾಗೆ. ಒಣ ಹಿಟ್ಟನ್ನು ಉಂಡೆ ಕಟ್ಟಿದರೆ ಬಿರಿಯುತ್ತದೆ, ಚೆನ್ನಾಗಿ ನಾದಿದ ಕಣಕ ಎಳೆದ ಕಡೆ ಬರುತ್ತದೆ. ಮಲಕ್ಕೂ ಆ ಹದವೇ ಬೇಕು. ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ಕರುಳಿನ ಬ್ಯಾಕ್ಟೀರಿಯಾಗಳು ಈ ಲೋಳೆಯನ್ನು ಅಷ್ಟಾಗಿ ಹುಳಿಸುವುದಿಲ್ಲ. ಅದಕ್ಕೇ ಗ್ಯಾಸ್ ಕಡಿಮೆ, ನೀರೂ ಕೊನೆಯವರೆಗೆ ಜೊತೆಯಲ್ಲೇ ಇರುತ್ತದೆ. ಇಸಬ್‌ಗೋಲ್ ಅನ್ನುವ ಹೆಸರು ಪರ್ಷಿಯನ್ ಭಾಷೆಯದು, ಕುದುರೆ ಕಿವಿ ಅಂತ ಅರ್ಥ. ಬೀಜದ ಆಕಾರ ನೋಡಿದರೆ ಹೌದು ಅನಿಸುತ್ತದೆ.

'ನಾರು ತಿನ್ನಿ' ಅಂತ ಕೇಳಿ ಗೋಧಿ ಬೂಸಾ ತಿನ್ನಲು ಹೋಗಬೇಡಿ. ನೆದರ್‌ಲೆಂಡ್ಸ್‌ನಲ್ಲಿ ಐಬಿಎಸ್ ಇದ್ದ 275 ಜನರಿಗೆ 12 ವಾರ ದಿನಕ್ಕೆ 10 ಗ್ರಾಂ ಇಸಬ್‌ಗೋಲ್, ಬೂಸಾ ಅಥವಾ ಬರೀ ಅಕ್ಕಿಹಿಟ್ಟು ಕೊಟ್ಟು ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಗೆದ್ದಿದ್ದು ಇಸಬ್‌ಗೋಲ್. ಬೂಸಾ ಗುಂಪಿನಲ್ಲಿ ತೊಂದರೆ ಜಾಸ್ತಿಯಾಗಿ ನಡುವೆಯೇ ಬಿಟ್ಟವರು ಬಹಳ.

ಶುರು ಮಾಡುವಾಗ ದಿನಕ್ಕೆ ಒಂದೇ ಚಮಚ ಸಾಕು. ವಾರ ಕಳೆದ ಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ದೊಡ್ಡ ಲೋಟ ನೀರಿಗೆ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿದುಬಿಡಿ. ಒಣದಾಗಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬುತ್ತದೆ, ಅಪಾಯ. ನುಂಗಲು ಕಷ್ಟ ಇರುವವರು ಮುಟ್ಟಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಒಂದೇ ರಾತ್ರಿಯಲ್ಲಿ ಪವಾಡ ಆಗುವುದಿಲ್ಲ, ಕೆಲವು ವಾರ ಕೊಡಿ.

ತಿಂಡಿ ತಿಂದ ಮೇಲೆ ಹೊಟ್ಟೆ ಹಿಗ್ಗಿ ದೊಡ್ಡ ಕರುಳಿಗೆ 'ಜಾಗ ಮಾಡು' ಎಂದು ಸುದ್ದಿ ಕಳಿಸುತ್ತದೆ. ಬೆಳಗ್ಗೆ ಅದು ಜೋರು. ಆ ಹೊತ್ತನ್ನು ಆಫೀಸಿನ ಅವಸರದಲ್ಲಿ ಕಳೆದುಕೊಳ್ಳಬೇಡಿ. ಕಮೋಡ್ ಇದ್ದರೆ ಕಾಲ ಕೆಳಗೆ ಪುಟ್ಟ ಸ್ಟೂಲ್ ಇಡಿ. ಒಂದು ಸ್ನಾಯು ಗುದನಾಳವನ್ನು ಜೋಳಿಗೆಯಂತೆ ಮುಂದಕ್ಕೆ ಎಳೆದುಕೊಂಡಿರುತ್ತದೆ, ಮಡಚಿದ ಪೈಪಿನ ಹಾಗೆ. ಕುಕ್ಕರಗಾಲಲ್ಲಿ ಕೂತಾಗ ಆ ಮಡಿಕೆ ಬಿಚ್ಚುತ್ತದೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆ ಇದೆ ಅನ್ನುವ ರಿಪೋರ್ಟ್, ನಿದ್ದೆಯಿಂದ ಎಬ್ಬಿಸುವ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಸಾಲದು. ಆ ವಾರವೇ ಡಾಕ್ಟರ್ ಹತ್ತಿರ ಹೋಗಿ. ಹೊಟ್ಟೆ ಉಬ್ಬಿ ಗಾಳಿಯೂ ಹೋಗದೆ ವಾಂತಿ ಬರುತ್ತಿದ್ದರೆ ವಾರವೂ ಬೇಡ, ಅವತ್ತೇ ಹೋಗಿ.