ಏಳನೇ ಕ್ರಮಾಂಕದ ಲೆಕ್ಕ

ಬೆಂಗಳೂರಿನ ಲೀಗ್ ಕ್ಲಬ್‌ಗಳ ನೆಟ್ಸ್‌ನಲ್ಲಿ ಬಹಳ ವರ್ಷಗಳಿಂದ ತರಬೇತಿ ನೀಡುತ್ತಿರುವ ನನ್ನ ಬಳಿಗೆ, ಹೊಸ ಋತು ಆರಂಭವಾಗುವ ಮುನ್ನ, ಮಳೆ ಬಿಟ್ಟೂ ಬಿಡದ ದಿನಗಳಲ್ಲಿ, ಒಬ್ಬಿಬ್ಬರು ಆಲ್‌ರೌಂಡರ್‌ಗಳು ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ: ಕರ್ನಾಟಕದಲ್ಲೇ ಕಾಯಬೇಕೇ, ಅಥವಾ ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಕ್ಕೆ ಆಡಬೇಕೇ? ಕೆಲವು ವರ್ಷಗಳ ಹಿಂದೆ ಹಾಗೆ ಬಂದ ಮಧ್ಯಮ ವೇಗಿಯೊಬ್ಬ ಕುಳಿತ ಕೂಡಲೇ ಹೇಳಿದ ಮಾತು ನನಗೆ ಮರೆತಿಲ್ಲ. ‘ಸರ್, ನಾಲ್ಕು ಮ್ಯಾಚ್ ಆಡಿದೀನಿ, ಆದ್ರೆ ಏನು ಮಾಡಿದೆ ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಏನೂ ಇಲ್ಲ.’

ಅವನ ಸರಾಸರಿ ಎಷ್ಟೆಂದು ನಾನು ಕೇಳಲಿಲ್ಲ. ಎಷ್ಟು ಎಸೆತ ಎದುರಿಸಿದೆ, ಎಷ್ಟು ಓವರ್ ಹಾಕಿದೆ, ಅವು ಇನಿಂಗ್ಸ್‌ನ ಎಷ್ಟನೇ ಓವರ್‌ಗಳು ಎಂಬುದನ್ನು ಸ್ಕೋರ್‌ ಪಟ್ಟಿ ನೋಡಿ ಬರೆದು ತರಲು ಹೇಳಿದೆ. ಆಲ್‌ರೌಂಡರ್‌ನ ಬದುಕು ನಿರ್ಧಾರವಾಗುವುದು ಅವನು ಎಷ್ಟು ಚೆನ್ನಾಗಿ ಆಡಿದ ಎಂಬುದಕ್ಕಿಂತ ಮೊದಲು, ತಂಡ ಅವನಿಗೆ ಯಾವ ಕೆಲಸ ಕೊಟ್ಟಿತು ಎಂಬುದರಿಂದ.

ಬ್ಯಾಟಿಂಗ್‌ನಲ್ಲಿ ಬಲಿಷ್ಠವಾಗಿರುವ ತಂಡದಲ್ಲಿ ಅವನಿಗೆ ಸಿಗುವುದು ಏಳನೆಯ ಇಲ್ಲವೇ ಎಂಟನೆಯ ಕ್ರಮಾಂಕ. ಮೇಲಿನ ಐವರು ರನ್ ಗಳಿಸಿದ ದಿನ ಅವನು ಡಿಕ್ಲೇರ್ ಮಾಡುವ ಮುನ್ನಿನ ಅವಸರದಲ್ಲಿ ಒಳಗೆ ಹೋಗಿ, ಇಪ್ಪತ್ತು ರನ್ ಹೊಡೆದು ಔಟಾಗಿ ಬರುತ್ತಾನೆ. ಅವರು ವಿಫಲರಾದ ದಿನ ಬಾಲಂಗೋಚಿಗಳನ್ನು ಕಟ್ಟಿಕೊಂಡು ನಿಲ್ಲಬೇಕಾಗುತ್ತದೆ, ಜೊತೆಗಾರರು ಮುಗಿದುಹೋದರೆ ಅವನ ಇನಿಂಗ್ಸೂ ಅಲ್ಲಿಗೇ ಮುಗಿಯುತ್ತದೆ. ಈ ಎರಡರಲ್ಲೂ ಶತಕಕ್ಕೆ ಅವಕಾಶ ಕಡಿಮೆ. ಬೌಲಿಂಗ್‌ನಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಹೊಸ ಚೆಂಡು ಇಬ್ಬರು ಮುಖ್ಯ ವೇಗಿಗಳ ಪಾಲು. 80 ಓವರ್ ಮುಗಿದ ಮೇಲೆ ಸಿಗುವ ಎರಡನೆಯ ಹೊಸ ಚೆಂಡೂ ಅವರದೇ. ನಡುವೆ ಚೆಂಡು ಮೆತ್ತಗಾಗಿ, ಸ್ವಿಂಗ್ ನಿಂತು, ಹಳೆಯ ಚೆಂಡಿನ ರಿವರ್ಸ್ ಸ್ವಿಂಗ್ ಇನ್ನೂ ಶುರುವಾಗದ 40ರಿಂದ 70ನೇ ಓವರ್‌ವರೆಗಿನ ಒಣ ಹೊತ್ತಿನಲ್ಲಿ ನಾಯಕನಿಗೆ ಇವನ ನೆನಪಾಗುತ್ತದೆ. ಆ ಹೊತ್ತಿನಲ್ಲಿ ಓವರಿಗೆ ಎರಡು ರನ್‌ನಂತೆ ಬಿಗಿಯಾಗಿ ಹಾಕಿದವನಿಂದಾಗಿ ಆಚೆ ತುದಿಯ ಸ್ಪಿನ್ನರ್‌ಗೆ ವಿಕೆಟ್ ಬೀಳುತ್ತದೆ, ಆದರೆ ಪತ್ರಿಕೆಯ ಸ್ಕೋರ್‌ ಪಟ್ಟಿಯಲ್ಲಿ ಇವನ ಹೆಸರಿನ ಮುಂದೆ ಸೊನ್ನೆ ಉಳಿಯುತ್ತದೆ.

ರಣಜಿ ಟ್ರೋಫಿಯ ಅಂಕ ಪದ್ಧತಿಯನ್ನು ಗಮನಿಸಿದರೆ ಇದರ ಅನ್ಯಾಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಡ್ರಾ ಆದ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಮುನ್ನಡೆ ಪಡೆದ ತಂಡಕ್ಕೆ 3 ಅಂಕ, ಹಿನ್ನಡೆ ಕಂಡ ತಂಡಕ್ಕೆ 1. ಎದುರಾಳಿಯ ಮೊತ್ತ ದಾಟಲು ಮೂವತ್ತು ರನ್ ಬೇಕಿದ್ದು ಕೈಯಲ್ಲಿ ಮೂರು ವಿಕೆಟ್ ಇರುವಾಗ ಏಳನೇ ಕ್ರಮಾಂಕದವನು ನಿಂತು ಗಳಿಸುವ 35 ರನ್‌ಗೆ ಎರಡು ಅಂಕದ ಬೆಲೆಯಿದೆ, ಮತ್ತು ಎಂಟರ ಘಟ್ಟಕ್ಕೆ ಹೋಗುವುದು ಎಷ್ಟೋ ಬಾರಿ ಅಂಥ ಅಂಕಗಳ ಮೇಲೆಯೇ ನಿಂತಿರುತ್ತದೆ. ಆಯ್ಕೆ ಸಮಿತಿಯ ಕೋಣೆಯಲ್ಲಿ ಮಾತ್ರ 35 ಎಂದರೆ 35 ಅಷ್ಟೇ. ತಂಡದ ಸಮತೋಲನಕ್ಕೆಂದು ಒಳಗೆ ಬಂದವನು ಸಮತೋಲನ ಬದಲಾದಾಗ ಮೊದಲು ಹೊರಗೆ ಹೋಗುತ್ತಾನೆ: ಪಿಚ್ ಹಸಿರಾಗಿದ್ದರೆ ಪೂರ್ಣಾವಧಿ ವೇಗಿ ಬೇಕು, ಒಣಗಿದ್ದರೆ ಇನ್ನೊಬ್ಬ ಸ್ಪಿನ್ನರ್ ಬೇಕು.

ದೀರ್ಘಕಾಲ ಬಾಳಿದ ಆಲ್‌ರೌಂಡರ್‌ಗಳನ್ನು ನೋಡಿದರೆ, ಅವರ ಒಂದು ಕಲೆಯಾದರೂ ತಾನೊಂದೇ ತಂಡದಲ್ಲಿ ಜಾಗ ಗಳಿಸಿಕೊಡುವಷ್ಟು ಗಟ್ಟಿಯಾಗಿತ್ತು. ಗದುಗಿನ ಸುನಿಲ್ ಜೋಶಿ 1995–96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಮತ್ತು 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು, ಕರ್ನಾಟಕ ಆ ವರ್ಷ ಚಾಂಪಿಯನ್ ಆಯಿತು. ಆದರೆ ಒಂದು ರನ್ ಗಳಿಸದಿದ್ದರೂ ಎಡಗೈ ಸ್ಪಿನ್ನರ್ ಆಗಿಯೇ ಅವರು ಆ ತಂಡದಲ್ಲಿ ಇರುತ್ತಿದ್ದರು. ಆಫ್‌ಸ್ಪಿನ್ನರ್ ಜಲಜ್ ಸಕ್ಸೇನಾ ಮಧ್ಯಪ್ರದೇಶದಿಂದ 2016–17ರಲ್ಲಿ ಕೇರಳಕ್ಕೆ ಹೋಗಿ, 2024ರಲ್ಲಿ ರಣಜಿಯಲ್ಲಿ 6,000 ರನ್ ಮತ್ತು 400 ವಿಕೆಟ್ ಎರಡನ್ನೂ ದಾಟಿದ ಮೊದಲ ಆಟಗಾರರಾದರು. ಭಾರತ ತಂಡದಲ್ಲಿ ಅವರಿಗೆ ಸ್ಥಾನ ಸಿಗಲೇ ಇಲ್ಲ ಎಂಬುದು ಬೇರೆ ಮಾತು, ಮತ್ತು ನನ್ನ ಮಟ್ಟಿಗೆ ಅದು ಆಯ್ಕೆಗಾರರಿಗೆ ಕೀರ್ತಿ ತರುವ ಮಾತಲ್ಲ.

2018–19ರಲ್ಲಿ ಒಂಬತ್ತು ಹೊಸ ತಂಡಗಳು ದೇಸಿ ಕ್ರಿಕೆಟ್‌ಗೆ ಸೇರಿದ ಮೇಲೆ ಅಲೆಮಾರಿ ಆಲ್‌ರೌಂಡರ್‌ಗೆ ಮಾರುಕಟ್ಟೆ ಬೆಳೆಯಿತು. ಹೊರರಾಜ್ಯದಿಂದ ಕರೆಸಿಕೊಳ್ಳಬಹುದಾದ ಅತಿಥಿ ಆಟಗಾರರ ಸಂಖ್ಯೆ ಮೂರಕ್ಕೆ ಸೀಮಿತವಾಗಿರುವುದರಿಂದ, ಅನುಭವಿಗಳ ಕೊರತೆಯಿರುವ ಸಣ್ಣ ರಾಜ್ಯವೊಂದು ಬರಿಯ ಬ್ಯಾಟರ್‌ಗೆ ಒಂದು ಜಾಗ ಕೊಡುವುದಕ್ಕಿಂತ ಎರಡೂ ಕೆಲಸ ಮಾಡುವವನಿಗೆ ಕೊಡಲು ಬಯಸುವುದು ಸಹಜ. ಕರ್ನಾಟಕದಿಂದ ಸ್ಟುವರ್ಟ್ ಬಿನ್ನಿ 2019–20ರಲ್ಲಿ ನಾಗಾಲ್ಯಾಂಡ್‌ಗೆ ಹೋದರು, ಆಮೇಲೆ ಜೆ. ಸುಚಿತ್ ಕೂಡ ಅಲ್ಲಿಗೆ ಹೋದರು. ಶ್ರೇಯಸ್ ಗೋಪಾಲ್ 2023–24ರಲ್ಲಿ ಕೇರಳಕ್ಕೆ ಆಡಿ ಮರುವರ್ಷವೇ ಕರ್ನಾಟಕಕ್ಕೆ ಮರಳಿದರು. ಹಾಗೆ ಮರಳುವ ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ, ಹೋಗುವ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹಣದ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಬಿಸಿಸಿಐ 2021ರಲ್ಲಿ ಪ್ರಕಟಿಸಿದ ದರದಂತೆ 20 ಪಂದ್ಯಗಳವರೆಗೆ ಆಡಿದವನಿಗೆ ದಿನಕ್ಕೆ ₹40,000, 21ರಿಂದ 40 ಪಂದ್ಯ ಆಡಿದವನಿಗೆ ₹50,000, ಅದಕ್ಕೂ ಹೆಚ್ಚು ಆಡಿದವನಿಗೆ ₹60,000. ಮೀಸಲು ಆಟಗಾರನಿಗೆ ಇದರ ಅರ್ಧ. ನಾಲ್ಕು ದಿನಗಳ ಏಳು ಲೀಗ್ ಪಂದ್ಯಗಳೆಂದರೆ 28 ದಿನ. ಮೇಲಿನ ಶ್ರೇಣಿಯವನು ಹನ್ನೊಂದರ ಬಳಗದಲ್ಲಿದ್ದರೆ ₹16.8 ಲಕ್ಷ, ಬೆಂಚಿನ ಮೇಲಿದ್ದರೆ ₹8.4 ಲಕ್ಷ. ಒಂದು ಕಾಲಕ್ಕೆ ಈ ವ್ಯತ್ಯಾಸವನ್ನು ಬ್ಯಾಂಕಿನ ನೌಕರಿ ತುಂಬಿಕೊಡುತ್ತಿತ್ತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಮೂರೂ 2017ರಿಂದ 2020ರ ನಡುವೆ ಬೇರೆ ಬ್ಯಾಂಕ್‌ಗಳಲ್ಲಿ ವಿಲೀನವಾದವು, ಕ್ರೀಡಾ ಕೋಟಾದ ನೌಕರಿಯನ್ನು ನಂಬಿ ಕೂರುವ ಕಾಲ ಈಗಿನ ಹುಡುಗರಿಗಿಲ್ಲ.

ಟಿ20ಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೈಯದ್ ಮುಷ್ತಾಕ್ ಅಲಿ ಟ್ರೋಫಿಗೆ 2022–23ರಲ್ಲಿ ಬಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮ, ಪಂದ್ಯದ ನಡುವೆ ಬ್ಯಾಟರ್‌ನನ್ನು ತೆಗೆದು ಬೌಲರ್‌ನನ್ನು ತರಲು ಅವಕಾಶ ಕೊಟ್ಟು ಆಲ್‌ರೌಂಡರ್‌ನ ಅಗತ್ಯವನ್ನೇ ಕಿತ್ತುಕೊಂಡಿತ್ತು. ಎರಡು ಋತುಗಳ ನಂತರ ಮಂಡಳಿ ಅದನ್ನು ಆ ಟೂರ್ನಿಯಿಂದ ಕೈಬಿಟ್ಟಿತು.

ನಮ್ಮ ನೆಟ್ಸ್‌ನ ಒಂದು ಕೆಟ್ಟ ಅಭ್ಯಾಸವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಲ್‌ರೌಂಡರ್ ಬೆಳಿಗ್ಗೆ ಒಂದೂವರೆ ಗಂಟೆ ಬೌಲ್ ಮಾಡಿ, ಕಾಲು ಸೋತ ಮೇಲೆ, ಎಲ್ಲರದೂ ಮುಗಿದ ನಂತರ ಪ್ಯಾಡ್ ಕಟ್ಟಿಕೊಳ್ಳುತ್ತಾನೆ. ಆಗ ಅವನಿಗೆ ಬೌಲ್ ಮಾಡಲು ಉಳಿದಿರುವವರು ಇಬ್ಬರು ಜೂನಿಯರ್‌ಗಳು ಮತ್ತು ಹತ್ತಿರದಿಂದ ಕೈಯಲ್ಲೇ ಚೆಂಡೆಸೆದು ಥ್ರೋಡೌನ್ ಹಾಕುವ ನಾನು. ವರ್ಷಾನುಗಟ್ಟಲೆ ನಾನೂ ಹೀಗೆಯೇ ನಡೆಸಿದೆ. ಈಗ ವಾರದಲ್ಲಿ ಎರಡು ದಿನ ಆಲ್‌ರೌಂಡರ್‌ಗಳೇ ಮೊದಲು, ಹೊಸ ಚೆಂಡಿನ ಎದುರು ಬ್ಯಾಟ್ ಮಾಡುತ್ತಾರೆ.

ಆ ಮಧ್ಯಮ ವೇಗಿ ಪಟ್ಟಿ ತಂದಾಗ ಅದರಲ್ಲಿ ಹೊಸ ಚೆಂಡಿನ ಒಂದು ಓವರೂ ಇರಲಿಲ್ಲ. ಅವನು ಆ ವರ್ಷವೇ ಈಶಾನ್ಯದ ತಂಡವೊಂದಕ್ಕೆ ಹೋದ. ಮೊದಲ ಪಂದ್ಯದ ಎರಡನೆಯ ದಿನ ಸಂಜೆ ಫೋನ್ ಮಾಡಿ, ‘ಸರ್, ಐದನೇ ನಂಬರ್ ಕೊಟ್ಟಿದಾರೆ, ಹೊಸ ಬಾಲ್ ಕೂಡ ನಂದೇ’ ಎಂದ. ಎಷ್ಟು ಓವರ್ ಹಾಕಿದೆ ಎಂದು ಕೇಳಿದೆ. ಇಪ್ಪತ್ತೆಂಟು ಎಂದ. ಸೊಂಟ ಹೇಗಿದೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಮಾರನೆಯ ಬೆಳಿಗ್ಗೆ ಬೌಲ್ ಮಾಡುವ ಮುನ್ನ ತಂಡದ ಫಿಸಿಯೊಗೆ ಬೆನ್ನು ತೋರಿಸು ಎಂದು ಹೇಳಿ ಫೋನ್ ಇಟ್ಟೆ.