ರಜೆ ಬದಲಿಸಲಾಗದಿದ್ದರೆ ಬೆಟ್ಟ ಬದಲಿಸಿ: ಹಿಮಾಲಯ ಚಾರಣದ ತಿಂಗಳ ಲೆಕ್ಕ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಹಿಮಾಲಯ ಚಾರಣಕ್ಕೆ ಹೊರಡುವವರಿಗೆ ಸಾಮಾನ್ಯವಾಗಿ ಸಿಗುವುದು ಎರಡೇ ಅವಕಾಶ, ಬೇಸಿಗೆ ರಜೆ ಇಲ್ಲವೇ ದಸರಾ ರಜೆ. ಅದರಲ್ಲೇನೂ ತಪ್ಪಿಲ್ಲ. ಎಡವಟ್ಟು ಶುರುವಾಗುವುದು ಆಮೇಲೆ: ಯಾರದೋ ಸ್ಟೇಟಸ್‌ನಲ್ಲಿ ನೋಡಿದ ಬೆಟ್ಟವನ್ನೇ ಹಿಡಿದು ಆ ಹತ್ತು ದಿನದೊಳಗೆ ತುರುಕುತ್ತಾರೆ. ಆ ಫೋಟೊ ತೆಗೆದದ್ದು ಯಾವ ತಿಂಗಳಲ್ಲಿ ಎಂದು ಕೇಳುವವರು ಕಡಿಮೆ. ಹಿಮ ಹೊದ್ದ ಕೇದಾರಕಂಠ ಬೇಕೆಂದು ಅಕ್ಟೋಬರ್‌ನಲ್ಲಿ ಹೋದರೆ ಸಾಮಾನ್ಯವಾಗಿ ಕಂದು ಹುಲ್ಲು ಸಿಗುತ್ತದೆ, ಹೂವಿನ ಕಣಿವೆ ಬೇಕೆಂದು ಮೇ ತಿಂಗಳಲ್ಲಿ ಹೋದರೆ ಗೇಟೇ ಹಾಕಿರುತ್ತದೆ. ಆ ಉದ್ಯಾನ ತೆರೆಯುವುದು ಜೂನ್ 1ಕ್ಕೆ, ಹೂ ತುಂಬುವುದು ಜುಲೈ ಮಧ್ಯದಿಂದ.

ನಮ್ಮ ಮಳೆ ನಕ್ಷತ್ರದ ಲೆಕ್ಕ ಅಲ್ಲಿ ಬಹುಪಾಲು ತಿರುಗುಮುರುಗು. ಇಲ್ಲಿ ಹಸ್ತ, ಚಿತ್ತೆ, ಸ್ವಾತಿ ಹೊಯ್ಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ, ಹಿಮಾಚಲ, ಉತ್ತರಾಖಂಡಗಳಿಂದ ಮುಂಗಾರು ಹಿಂದೆ ಸರಿದಿರುತ್ತದೆ ಅಥವಾ ಸರಿಯುತ್ತಿರುತ್ತದೆ. ಧೂಳೆಲ್ಲ ತೊಳೆದುಹೋಗಿ ಆಕಾಶ ವರ್ಷದಲ್ಲೇ ಅತಿ ಸ್ಪಷ್ಟವಾಗಿರುವ ಕಾಲ ಅದು. ಕೋಲಾರದಲ್ಲಿ ಮಳೆ ಹಿಡಿದಿದೆ ಎಂದು ದಸರಾ ಟಿಕೆಟ್ ರದ್ದು ಮಾಡಬೇಕಿಲ್ಲ. ಮೊದಲ ಸಲ ಹೋಗುವವರಿಗೆ ನಾವು ಹೇಳುವುದೂ ಇದೇ ರಜೆಯನ್ನು.

ಬೇಸಿಗೆ ರಜೆಯ ಕಥೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಸುಮಾರು 3,500 ಮೀಟರಿನ ಮೇಲೆ ಚಳಿಗಾಲದ ಹಿಮ ಇನ್ನೂ ಉಳಿದಿರುತ್ತದೆ. 4,000 ಮೀಟರ್ ದಾಟುವ ಪಾಸ್‌ಗಳು, ಅಂದರೆ ಬೆಟ್ಟಸಾಲನ್ನು ದಾಟಿಸುವ ಕಣಿವೆದಾರಿಗಳು, ಬಹುತೇಕ ಜೂನ್‌ವರೆಗೂ ಸರಿಯಾಗಿ ತೆರೆದಿರುವುದಿಲ್ಲ. ಆಗ ಪಾಸ್ ದಾಟುವ ಹಾದಿ ಬಿಟ್ಟು, ಹೋದ ದಾರಿಯಲ್ಲೇ ವಾಪಸು ಬರುವ ಹರ್ ಕಿ ದೂನ್‌ನಂಥ ಕಣಿವೆ ಚಾರಣ ಹಿಡಿಯುವುದು ಜಾಣತನ. ಜುಲೈ, ಆಗಸ್ಟ್‌ನಲ್ಲೇ ರಜೆ ಸಿಗುವುದಾದರೆ ಮಳೆನೆರಳಿನಲ್ಲಿರುವ ಲಡಾಖ್ ಮತ್ತು ಸ್ಪಿತಿ ಇವೆ. ಪೀರ್ ಪಂಜಾಲ್ ಸಾಲು ಮುಂಗಾರಿಗೆ ಅಡ್ಡ ನಿಲ್ಲುವುದರಿಂದ ಕಾಶ್ಮೀರದ ಸರೋವರಗಳ ಹಾದಿಯೂ ನಡೆಯುತ್ತದೆ. ಆ ಎರಡು ತಿಂಗಳಲ್ಲಿ ಉತ್ತರಾಖಂಡದಲ್ಲಿ ಚಾರಣಕ್ಕಿಂತ ದೊಡ್ಡ ತಲೆನೋವು ರಸ್ತೆ ಕುಸಿತ.

ಋತು ಸರಿಯಿದ್ದ ಮಾತ್ರಕ್ಕೆ ದಿನ ಸರಿಯಿರುತ್ತದೆ ಎಂದೇನಿಲ್ಲ. 2021ರ ಅಕ್ಟೋಬರ್ 17ರಿಂದ 19ರವರೆಗೆ, ಒಳ್ಳೆಯ ಹಂಗಾಮಿನ ನಟ್ಟನಡುವೆ, ಉತ್ತರಾಖಂಡದಲ್ಲಿ ಭಾರಿ ಮಳೆ ಸುರಿಯಿತು. ಮೇಲೆ ಅದೇ ಮಳೆ ಹಿಮವಾಗಿ ಬಿದ್ದು ಲಮ್‌ಖಾಗಾ ಪಾಸ್ ಹಾದಿಯಲ್ಲಿದ್ದ ಚಾರಣಿಗರು ಸತ್ತರು. 2024ರ ಜೂನ್ ಮೊದಲ ವಾರ, ಬಯಲಿನಲ್ಲಿ ಬೇಸಿಗೆ ಇನ್ನೂ ಸುಡುತ್ತಿದ್ದಾಗ, ಉತ್ತರಾಖಂಡದ ಸಹಸ್ತ್ರತಾಲ್‌ನಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋದ ತಂಡದ 9 ಮಂದಿ ತೀರಿಕೊಂಡರು. ಮೆಡಿಟರೇನಿಯನ್ ಕಡೆಯಿಂದ ಬರುವ, ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವ ಮೋಡದ ಅಲೆಗಳು ಚಳಿಗಾಲದಲ್ಲಿ ಹೆಚ್ಚು. ಆದರೆ ಮೇ, ಜೂನ್, ಅಕ್ಟೋಬರ್‌ನಲ್ಲಿ ಬರುವುದಿಲ್ಲ ಎಂಬ ಕರಾರೇನೂ ಇಲ್ಲ.

ಹಾಗಾಗಿ ಮುನ್ಸೂಚನೆ ಓದಲು ಬರಬೇಕು. ಫೋನಿನ ಹವಾಮಾನ ಆ್ಯಪ್ ಸಾಮಾನ್ಯವಾಗಿ ತೋರಿಸುವುದು ಕೆಳಗಿನ ಊರಿನ ಹವೆ. ಹಿಮಾಚಲದ ಹಂಪ್ಟಾ ಪಾಸ್ ಉದಾಹರಣೆಗೆ ತೆಗೆದುಕೊಳ್ಳಿ. ಮನಾಲಿ ಸುಮಾರು 2,050 ಮೀಟರ್, ಪಾಸ್ 4,270. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. 2,220 ಮೀಟರ್ ಅಂತರಕ್ಕೆ ಹದಿನಾಲ್ಕು ಡಿಗ್ರಿ. ಬೆಳಗಿನ ಜಾವ ಮನಾಲಿಯಲ್ಲಿ 8 ಡಿಗ್ರಿ ಇದ್ದರೆ ಪಾಸ್ ಮೇಲೆ ಮೈನಸ್ 6. ಅದಕ್ಕೆ ಗಂಟೆಗೆ 40 ಕಿ.ಮೀ. ಗಾಳಿ ಸೇರಿದರೆ ಮೈಗೆ ತಟ್ಟುವ ಚಳಿ ಮೈನಸ್ 15. ‘ಮನಾಲಿ 8 ಡಿಗ್ರಿ’ ನೋಡಿ ಒಂದು ಸ್ವೆಟರ್ ಸಾಕೆಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ವಿಂಡಿಯಂಥ ಆ್ಯಪ್‌ನಲ್ಲಿ ಎರಡು ಸಂಗತಿ ನೋಡಿದರೆ ಮುಕ್ಕಾಲು ಕೆಲಸ ಆಯಿತು. ಒಂದು, ಎತ್ತರದ ಗಾಳಿ: 4,200 ಮೀಟರಿಗೆ 600 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಪದರ, 5,500ಕ್ಕೆ 500ರ ಪದರ. ಇನ್ನೊಂದು, ಫ್ರೀಜಿಂಗ್ ಲೆವೆಲ್, ಅಂದರೆ ಸೊನ್ನೆ ಡಿಗ್ರಿಯ ಎತ್ತರ. ಹಿಮ ಆ ಗೆರೆಗಿಂತ ಇನ್ನೂ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೂ ಬೀಳಬಹುದು. ಗೆರೆ 3,800ರಲ್ಲಿದ್ದು ಮಳೆಯೂ ತೋರಿಸುತ್ತಿದ್ದರೆ, ಹಂಪ್ಟಾ ಹಾದಿಯ, ಸುಮಾರು 3,600 ಮೀಟರಿನ ಬಾಲು ಕಾ ಘೇರಾ ಕ್ಯಾಂಪಿನಲ್ಲಿ ನಿಮ್ಮ ಟೆಂಟಿನ ಮೇಲೆ ಬೀಳುವುದು ಹಿಮವೇ. ಇದರ ಜೊತೆಗೆ ಹವಾಮಾನ ಇಲಾಖೆ ಜಿಲ್ಲಾವಾರು ಕೊಡುವ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ನೋಡಿ. ಕಿತ್ತಳೆ ಇದ್ದ ದಿನ ಪಾಸ್ ದಾಟುವ ಮಾತು ಬೇಡ. ನಾಲ್ಕೈದು ದಿನಕ್ಕಿಂತ ಮುಂದಿನ ಮುನ್ಸೂಚನೆಯನ್ನು ಅಂದಾಜೆಂದೇ ತಿಳಿಯಿರಿ.

ಮೇಲೆ ಸಿಗ್ನಲ್ ಇರುವುದಿಲ್ಲ. ಆಗ ಎತ್ತರ ತೋರಿಸುವ ಬ್ಯಾರೊಮೀಟರ್ ಗಡಿಯಾರ ಕೆಲಸಕ್ಕೆ ಬರುತ್ತದೆ. ರಾತ್ರಿ ಮಲಗುವಾಗ 3,600 ಎಂದು ತೋರಿಸಿದ್ದು ಬೆಳಿಗ್ಗೆ ಅದೇ ಟೆಂಟಿನಲ್ಲಿ 3,640 ತೋರಿಸಿದರೆ ನೀವೇನೂ ಮೇಲೆ ಹೋಗಿಲ್ಲ, ಗಾಳಿಯ ಒತ್ತಡ ಮೂರು ಹೆಕ್ಟೊಪಾಸ್ಕಲ್‌ಗೂ ಹೆಚ್ಚು ಕುಸಿದಿದೆ. ಜೊತೆಗೆ ಹಿಂದಿನ ಸಂಜೆ ತೆಳು ಮೋಡ ಹರಡಿ ಸೂರ್ಯನ ಸುತ್ತ ಗುಡಿ ಕಟ್ಟಿದ್ದರೆ, ಒಂದು ದಿನ ಅಲ್ಲೇ ಉಳಿಯುವುದು ಒಳ್ಳೆಯದು.

ಸ್ವಚ್ಛ ದಿನದಲ್ಲೂ ಗಡಿಯಾರ ಮುಖ್ಯ. ಬಿಸಿಲೇರಿದಂತೆ ಕಣಿವೆಯ ಗಾಳಿ ಮೇಲೇರಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಗುಡುಗು, ಆಲಿಕಲ್ಲು ಎಲ್ಲ ಆಗಲೇ. ಪಾಸ್ ಅಥವಾ ತುದಿಯನ್ನು 10ರಿಂದ 11 ಗಂಟೆಯೊಳಗೆ ಮುಟ್ಟುವಂತೆ ಬೆಳಗಿನ ಜಾವ 3, 4 ಗಂಟೆಗೆ ಹೊರಡಬೇಕು. 12 ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಎಂಬುದನ್ನು ಕೆಳಗಿನ ಕ್ಯಾಂಪಿನಲ್ಲೇ ಎಲ್ಲರ ಮುಂದೆ ಹೇಳಿ ಒಪ್ಪಿಸಿಕೊಳ್ಳಿ, ಏಕೆಂದರೆ ತುದಿ ಕಣ್ಣಿಗೆ ಬಿದ್ದ ಮೇಲೆ ಯಾರೂ ಒಪ್ಪುವುದಿಲ್ಲ. ಹಿಮವೂ ಹಾಗೆಯೇ, ಮುಂಜಾನೆ ಗಟ್ಟಿ, ಮಧ್ಯಾಹ್ನ ಮೊಣಕಾಲವರೆಗೆ ಹೂತುಕೊಳ್ಳುತ್ತದೆ. ಹೊಳೆ ದಾಟುವುದನ್ನಂತೂ ಬೆಳಿಗ್ಗೆಗೇ ಇಟ್ಟುಕೊಳ್ಳಿ. ಮುಂಜಾನೆ ಮೊಣಕಾಲುದ್ದ ಹರಿಯುವ ಹಿಮನದಿಯ ನೀರು, ದಿನವಿಡೀ ಹಿಮ ಕರಗಿ ಸಂಜೆಗೆ ಕೆರೆ ಕೋಡಿ ಬಿದ್ದ ಹಾಗೆ ನುಗ್ಗುತ್ತದೆ. ಹಂಪ್ಟಾದ ಶಿಯಾ ಗೋರು ಹೊಳೆಯನ್ನು ಕ್ಯಾಂಪ್ ಕಿತ್ತ ಕೂಡಲೇ ದಾಟಿಸುವುದು ಇದಕ್ಕೇ.

ನಮ್ಮ ಮೂರು ಜಿಲ್ಲೆಯವರು ಮರೆಯಬಾರದ ಇನ್ನೊಂದು ಲೆಕ್ಕವಿದೆ. ನಮ್ಮ ಊರುಗಳೆಲ್ಲ ಸುಮಾರು 800, 900 ಮೀಟರಿನಲ್ಲಿವೆ. ನಂದಿಬೆಟ್ಟದ ತುದಿ 1,478 ಮೀಟರ್, ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 84ರಷ್ಟು. ಹಂಪ್ಟಾ ಮೇಲೆ ಅದು ಶೇ 59ಕ್ಕೆ ಇಳಿಯುತ್ತದೆ. ಮಧುಗಿರಿ ಏಕಶಿಲೆ ಹತ್ತಿದ್ದೇನೆ, ಸ್ಕಂದಗಿರಿಯನ್ನು ಒಂದೇ ಉಸಿರಿಗೆ ಮುಗಿಸಿದ್ದೇನೆ ಎಂಬುದು ಕಾಲಿಗೆ, ಶ್ವಾಸಕ್ಕೆ ಒಳ್ಳೆಯ ತಾಲೀಮು. ಎತ್ತರಕ್ಕೆ ದೇಹ ಒಗ್ಗಲು ಅದರಿಂದ ಏನೂ ಆಗದು. ತಾಲೀಮನ್ನಂತೂ ಮಾಡಿ: ಎಂಟು ವಾರ, ವಾರಕ್ಕೆ ನಾಲ್ಕು ದಿನ ಓಟ, ಭಾನುವಾರ ಬೆನ್ನಿಗೆ 8 ಕೆ.ಜಿ. ಹೊತ್ತು ದೇವರಾಯನದುರ್ಗವೋ ಸುಲ್ತಾನ್‌ಪೇಟೆ ಕಡೆಯಿಂದ ನಂದಿಯ ಮೆಟ್ಟಿಲೋ. ಇಳಿಯುವಾಗ ಬೈಕಿನಲ್ಲಿ ಬರಬೇಡಿ, ಮಂಡಿ ಗಟ್ಟಿಯಾಗುವುದು ಇಳಿಜಾರಿನಲ್ಲಿ.

ಒಗ್ಗಿಕೊಳ್ಳುವ ಲೆಕ್ಕಕ್ಕೆ ಆಯೋಜಕರು ಕೊಟ್ಟ ಕಾರ್ಯಕ್ರಮದ ಪಕ್ಕ ಪ್ರತಿ ರಾತ್ರಿ ಮಲಗುವ ಜಾಗದ ಎತ್ತರ ಬರೆಯಿರಿ, ತುದಿಯ ಎತ್ತರ ಬೇಡ. 3,000 ಮೀಟರ್ ದಾಟಿದ ಮೇಲೆ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ರಾತ್ರಿ ಉಳಿಯಬೇಕು. ದೇವನಹಳ್ಳಿಯಿಂದ ವಿಮಾನ ಹಿಡಿದು ಅದೇ ದಿನ 3,500 ಮೀಟರಿನ ಲೇಹ್‌ನಲ್ಲಿ ಇಳಿದರೆ ಮೊದಲ ಎರಡು ದಿನ ಸುಮ್ಮನೆ ಕೂರಬೇಕು. ಮನಾಲಿಯಿಂದ ರಸ್ತೆಯಲ್ಲಿ ಹೋಗುವವರು ಮೊದಲ ರಾತ್ರಿಯೇ 4,290 ಮೀಟರಿನ ಸರ್ಚುವಿನಲ್ಲಿ ಮಲಗಿ ನರಳುತ್ತಾರೆ. ಸುಮಾರು 3,200 ಮೀಟರಿನ ಜಿಸ್ಪಾದಲ್ಲಿ ತಂಗಿದರೆ ಆ ತೊಂದರೆ ಬಹಳ ಕಡಿಮೆ. ಎತ್ತರದ ಕಾಯಿಲೆ ಬಾರದಂತೆ ಮುಂಜಾಗ್ರತೆಗೆ ಅಸೆಟಜೋಲಮೈಡ್ ಮಾತ್ರೆ 125 ಮಿ.ಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುವ ರೂಢಿಯಿದೆ. ಸಲ್ಫಾ ಅಲರ್ಜಿ ಇರುವವರೂ ಬಿಪಿ, ಸಕ್ಕರೆ ಕಾಯಿಲೆಯವರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಮೇಲೇರುವುದು ನಿಲ್ಲಿಸಿ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಕೆಳಗಿಳಿಸಬೇಕು.

ಬಟ್ಟೆಯ ವಿಷಯ ಚಿಕ್ಕದು. ಹತ್ತಿ ಬೇಡ, ಒದ್ದೆಯಾದರೂ ಬೆಚ್ಚಗಿಡುವುದು ಉಣ್ಣೆ ಇಲ್ಲವೇ ಫ್ಲೀಸ್. ಪೊಂಚೊ ಬಿರುಗಾಳಿಯಲ್ಲಿ ಹಾರಾಡುತ್ತದೆ, ಮಳೆ ಜಾಕೆಟ್ಟೇ ಇರಲಿ.

ಕೊನೆಗೆ ಟಿಕೆಟ್. ಡೆಹ್ರಾಡೂನ್‌ನಿಂದ, ಕೇದಾರಕಂಠ ಮತ್ತು ಹರ್ ಕಿ ದೂನ್ ಚಾರಣ ಶುರುವಾಗುವ ಸಾಂಕ್ರಿಗೇ ಇಡೀ ದಿನದ ಪಯಣ, ದಾರಿಯಲ್ಲಿ ಒಂದು ಕಲ್ಲು ಉರುಳಿದರೆ ಇನ್ನೊಂದು ದಿನ. ವಾಪಸು ವಿಮಾನಕ್ಕೆ ಮುಂಚೆ ಒಂದು ದಿನ ಖಾಲಿ ಬಿಡಿ, ಮಳೆಗಾಲದಲ್ಲಿ ಎರಡು. ಆ ಖಾಲಿ ದಿನ ಇಲ್ಲದ ತಂಡವೇ ಹವೆ ಕೆಟ್ಟಾಗಲೂ ಪಾಸ್ ದಾಟಲು ಹೊರಡುತ್ತದೆ. ಸ್ಯಾಟಲೈಟ್ ಫೋನು, ಸ್ಯಾಟಲೈಟ್ ಮೆಸೆಂಜರ್‌ಗಳನ್ನು ಅನುಮತಿಯಿಲ್ಲದೆ ಒಯ್ಯುವುದು ಭಾರತದಲ್ಲಿ ಅಪರಾಧ, ಆದ್ದರಿಂದ ಮನೆಯವರ ಕೈಯಲ್ಲಿ ಒಂದು ಚೀಟಿ ಇರಲಿ: ದಿನಕ್ಕೊಂದರಂತೆ ಕ್ಯಾಂಪಿನ ಹೆಸರು, ಗೈಡ್ ಮತ್ತು ಬೇಸ್ ಕ್ಯಾಂಪಿನ ನಂಬರ್, ಸಿಗ್ನಲ್ ಸಿಗುವ ತಾರೀಖು, ಮತ್ತು ಅದು ದಾಟಿ ಎಷ್ಟು ಗಂಟೆಯಾದರೂ ಸುದ್ದಿ ಬರದಿದ್ದರೆ ಯಾರಿಗೆ ಮೊದಲು ಫೋನ್ ಮಾಡಬೇಕು ಎಂಬುದು.